ಐವಿ ಒಣಗುತ್ತಿದೆಯೇ? ನೀರು ಹಾಕುವ ಮೊದಲು ಎಲೆಯನ್ನು ತಿರುಗಿಸಿ ನೋಡಿ

ಪ್ರಶ್ನೆ: ಆರೇಳು ತಿಂಗಳ ಹಿಂದೆ ಬಿಳಿ ಅಂಚಿನ ಎಲೆಗಳ ಐವಿ ಬಳ್ಳಿಯೊಂದನ್ನು ನರ್ಸರಿಯಿಂದ ತಂದೆ. ಮೊದಲ ಎರಡು ತಿಂಗಳು ಚೆನ್ನಾಗಿಯೇ ಹಬ್ಬಿತು. ಕುಂಡ ಚಿಕ್ಕದೆನಿಸಿ ದೊಡ್ಡ ಪಿಂಗಾಣಿ ಕುಂಡಕ್ಕೆ ಬದಲಿಸಿ, ಮಲಗುವ ಕೋಣೆಯ ಕಪಾಟಿನ ಮೇಲೆ ಇಟ್ಟೆ. ಈಗ ಬುಡದ ಕಡೆಯ ಎಲೆಗಳು ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಕಂದಾಗಿ ಒಣಗುತ್ತಿವೆ. ಮುಟ್ಟಿದರೆ ಪುಡಿಯಾಗುತ್ತವೆ. ಹೊಸ ಎಲೆಗಳಲ್ಲಿ ಬಿಳಿ ಅಂಚೇ ಇಲ್ಲ. ನೀರು ಸಾಲದೇನೋ ಎಂದು ದಿನ ಬಿಟ್ಟು ದಿನ ನೀರು ಹಾಕುತ್ತಿದ್ದೇನೆ, ಬೆಳಿಗ್ಗೆ ಸಂಜೆ ಎಲೆಗಳ ಮೇಲೆ ಸಿಂಪಡಿಸುತ್ತಿದ್ದೇನೆ, ಗೊಬ್ಬರವನ್ನೂ ಕೊಟ್ಟೆ. ಏನೂ ಪ್ರಯೋಜನವಾಗಿಲ್ಲ. ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ಕೇಳಿಯೇ ಮಲಗುವ ಕೋಣೆಯಲ್ಲಿ ಇಟ್ಟದ್ದು. ಆದರೆ ನಮ್ಮ ಅತ್ತೆಯವರು ಇದು ವಿಷದ ಗಿಡ, ಮಗುವಿರುವ ಮನೆಗೆ ಬೇಡ ಎನ್ನುತ್ತಾರೆ. ಎರಡು ವರ್ಷದ ಮಗಳಿದ್ದಾಳೆ, ಬೆಕ್ಕೂ ಇದೆ. ಗಿಡ ಉಳಿಯುತ್ತದೆಯೇ? ಉಳಿಸಿಕೊಳ್ಳಬೇಕೇ, ಎಸೆಯಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಇಷ್ಟೆಲ್ಲ ಆರೈಕೆ ಮಾಡಿದರೂ ಬಳ್ಳಿ ಏಕೆ ಒಣಗುತ್ತಿದೆ ಎಂಬುದು ಒಂದು, ಅದನ್ನು ಮನೆಯೊಳಗೆ ಇಟ್ಟುಕೊಳ್ಳುವುದೇ ಸರಿಯೇ ಎಂಬುದು ಇನ್ನೊಂದು. ಎರಡನೆಯದು ಕಾಯುವಂಥ ವಿಷಯವಲ್ಲ. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮುಂಚೆಯೇ ಕುಂಡವನ್ನು ಮಗಳ ಕೈಗೂ ಬೆಕ್ಕಿನ ಬಾಯಿಗೂ ಎಟುಕದ ಕಡೆಗೆ ಸಾಗಿಸಿ, ಉದುರಿದ ಎಲೆಗಳನ್ನು ಗುಡಿಸಿ ತೆಗೆಯಿರಿ. ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಸತ್ಯವಿದೆ. ಅದು ಎಷ್ಟರ ಮಟ್ಟಿನ ವಿಷ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಇನ್ನು ಬಳ್ಳಿಯ ವಿಷಯ. ನೀವು ಬರೆದ ಲಕ್ಷಣಗಳನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಎಲೆಯ ರಸ ಹೀರುವ ಜೇಡ ನುಸಿ (ಸ್ಪೈಡರ್ ಮೈಟ್) ಎಂಬ ಅತಿ ಸಣ್ಣ ಜೀವಿಯ ಮೇಲೆ. ದೊಡ್ಡ ಕುಂಡದಲ್ಲಿ ಬೇರು ಕೊಳೆಯುತ್ತಿರುವ ಸಾಧ್ಯತೆಯೂ ಅದರ ಬೆನ್ನಿಗೇ ಇದೆ. ಬಿಳಿ ಅಂಚು ಮಾಯವಾಗಿರುವುದು ಬೆಳಕು ಸಾಲದೆ ಇರುವುದರಿಂದ ಇರಬಹುದು. ಮೂರೂ ಒಟ್ಟಿಗೆ ನಡೆಯುತ್ತಿರುವುದು ಅಪರೂಪವೇನಲ್ಲ, ಏಕೆಂದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಆದರೆ ನೀರಿನ ಕೊರತೆ? ದಿನ ಬಿಟ್ಟು ದಿನ ನೀರು ಕುಡಿಯುತ್ತಿರುವ ಗಿಡಕ್ಕೆ ಆ ಕಾಯಿಲೆ ಬರುವುದು ಬಹಳ ಕಷ್ಟ.

ಐವಿಯ ಒಂದು ಗುಣವನ್ನು ಅರ್ಥ ಮಾಡಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಕರ್ಣಕುಂಡಲದಂಥ ರಸಭರಿತ ಗಿಡಕ್ಕೆ ಬಾಯಾರಿದರೆ ಎಲೆ ಜೋತು ಬೀಳುತ್ತದೆ, ನೀರು ಹಾಕಿದ ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಐವಿ ಹಾಗೆ ಮಾಡುವುದಿಲ್ಲ. ಅದರ ಎಲೆ ದಪ್ಪ, ಮೇಲೆ ಮೇಣದ ಲೇಪನ. ಬೇರು ಸತ್ತು ನೀರು ಏರುವುದು ನಿಂತ ಮೇಲೂ ಎಲೆ ತನ್ನ ಆಕಾರವನ್ನು ಹಲವು ದಿನ ಹಿಡಿದುಕೊಂಡಿರುತ್ತದೆ. ಬಣ್ಣ ಬದಲಾದದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕೆಡುಕು ಹಳೆಯದಾಗಿರುತ್ತದೆ. ಇವತ್ತಿನ ಒಣಗಿದ ಎಲೆ ಕಂಡು ಇವತ್ತೇ ನೀರು ಸುರಿಯುವವರು ಹಿಂದಿನ ವಾರಗಳ ತಪ್ಪನ್ನು ಸರಿಪಡಿಸಲು ಹೊರಟಿರುತ್ತಾರೆ. ನನ್ನ ಬಳಿ ಬರುವ ಸತ್ತ ಐವಿಗಳಲ್ಲಿ ಹೆಚ್ಚಿನವು ಒದ್ದೆ ಮಣ್ಣಿನಲ್ಲಿ ಸತ್ತಂಥವು. ಹಾಗಾಗಿ ಏನನ್ನೂ ಬದಲಿಸುವ ಮುನ್ನ ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಎಲೆಯ ಕೆಳಭಾಗದ್ದು. ಪೂರ್ತಿ ಒಣಗಿದ ಎಲೆ ಬೇಡ, ಈಗಷ್ಟೇ ಮಂಕಾಗುತ್ತಿರುವ ಎಲೆಯನ್ನು ಆರಿಸಿಕೊಳ್ಳಿ. ಬೆಳಕಿಗೆ ಹಿಡಿದು ಮೇಲ್ಭಾಗವನ್ನು ನೋಡಿದರೆ ಸೂಜಿಮೊನೆಯಿಂದ ಚುಚ್ಚಿದ ಹಾಗೆ ಸಾವಿರಾರು ತಿಳಿ ಚುಕ್ಕೆಗಳು ಕಾಣಬಹುದು. ದೂರದಿಂದ ಬೂದು ಬಣ್ಣವೆಂದು ತೋರುವುದು ಇವೇ. ಈಗ ಎಲೆಯನ್ನು ತಿರುಗಿಸಿ. ನಡುನರದ ಇಕ್ಕೆಲದಲ್ಲಿ, ತೊಟ್ಟು ಸೇರುವ ಮೂಲೆಯಲ್ಲಿ ಧೂಳಿನಂಥ ಪುಡಿ ಅಂಟಿಕೊಂಡಿದೆಯೇ? ಆ ಧೂಳಿನಲ್ಲಿ ಕೆಲವು ಬಿಳಿಯ ಪೊರೆಗಳು, ಅಂದರೆ ನುಸಿ ಕಳಚಿದ ಚರ್ಮ. ಕೆಲವು ಗುಂಡಗಿನ, ಪಾರದರ್ಶಕ ಮೊಟ್ಟೆಗಳು. ಕೆಲವು ನಡೆದಾಡುತ್ತವೆ. ಬರಿಗಣ್ಣಿಗೆ ತಿಳಿಯದಿದ್ದರೆ ಬಿಳಿ ಕಾಗದವೊಂದನ್ನು ಕೆಳಗೆ ಹಿಡಿದು ಬಳ್ಳಿಯನ್ನು ಬೆರಳಿನಿಂದ ತಟ್ಟಿ. ಕಾಗದದ ಮೇಲೆ ಬಿದ್ದ ಕಣಗಳನ್ನು ಅರ್ಧ ನಿಮಿಷ ಸುಮ್ಮನೆ ನೋಡುತ್ತಿರಿ. ಧೂಳಾದರೆ ಬಿದ್ದಲ್ಲೇ ಇರುತ್ತದೆ, ನುಸಿಯಾದರೆ ನಿಧಾನವಾಗಿ ಹೊರಡುತ್ತದೆ. ದಾಳಿ ಹೆಚ್ಚಾಗಿದ್ದರೆ ಎಲೆಗೂ ಕಾಂಡಕ್ಕೂ ನಡುವೆ ತೆಳುವಾದ ಬಲೆಯ ಎಳೆಗಳೂ ಕಾಣುತ್ತವೆ. ನೀವು ಸಿಂಪಡಿಸುವ ನೀರಿನ ಹನಿಗಳು ಆ ಎಳೆಗಳ ಮೇಲೆ ನಿಂತು ಅವನ್ನು ತೋರಿಸಿಕೊಡುತ್ತವೆ.

ಈ ನುಸಿ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆಯುವುದು ಅಪರೂಪ. ಎಲೆಯ ಒಂದೊಂದು ಕೋಶವನ್ನೂ ಚುಚ್ಚಿ ಒಳಗಿನದನ್ನು ಹೀರುತ್ತದೆ, ಪತ್ರಹರಿತ್ತು ಬರಿದಾದ ಕೋಶವೇ ಆ ತಿಳಿ ಚುಕ್ಕೆ. ಇದಕ್ಕೆ ಬೇಕಾದದ್ದು ಬಿಸಿ, ಒಣ ಹವೆ. ಕೋಣೆಯ ಉಷ್ಣತೆ 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಯಿಂದ ಮೊಟ್ಟೆಯಿಡುವ ಹೆಣ್ಣಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಹೊರಗೆ ಮಳೆ ಇವನ್ನು ತೊಳೆದು ಹಾಕುತ್ತದೆ, ಇವನ್ನು ತಿಂದು ಬದುಕುವ ಬೇರೆ ನುಸಿಗಳೂ ಕೀಟಗಳೂ ಇರುತ್ತವೆ. ಮನೆಯೊಳಗೆ ಮಳೆಯಿಲ್ಲ, ಬೇಟೆಗಾರರಿಲ್ಲ.

ಐವಿ ಹುಟ್ಟಿ ಬೆಳೆದದ್ದು ಇದಕ್ಕೆ ತದ್ವಿರುದ್ಧವಾದ ಪರಿಸರದಲ್ಲಿ. ಹೆಡೆರಾ ಹೆಲಿಕ್ಸ್ ಎಂಬುದು ಇದರ ಸಸ್ಯಶಾಸ್ತ್ರೀಯ ಹೆಸರು. ಯುರೋಪಿನ ಮತ್ತು ಪಶ್ಚಿಮ ಏಷ್ಯಾದ ಕಾಡುಗಳಲ್ಲಿ ಮರದ ನೆರಳಿನ ತಂಪು ನೆಲದ ಮೇಲೆ ಹರಡಿ, ಕಾಂಡಗಳನ್ನು ಹಿಡಿದು ಮೇಲೇರುವ ಬಳ್ಳಿ ಇದು. 10ರಿಂದ 21 ಡಿಗ್ರಿ ಇದಕ್ಕೆ ಹಿತ, ರಾತ್ರಿ ಹಗಲಿಗಿಂತ ತಂಪಾಗಿದ್ದರೆ ಇನ್ನೂ ಹಿತ. 27 ಡಿಗ್ರಿ ದಾಟಿದ ಕೋಣೆಯಲ್ಲಿ ಬದುಕುತ್ತದೆ, ಆದರೆ ಬೆಳವಣಿಗೆ ಕುಂಟುತ್ತದೆ. ಗಿಡ ಸೊರಗುವ ಅದೇ ಉಷ್ಣತೆಯಲ್ಲಿ ನುಸಿಯ ಸಂಸಾರ ಬೆಳೆಯುತ್ತದೆ. ಮನೆಯೊಳಗಿನ ಐವಿಗೆ ನುಸಿ ಇಷ್ಟೊಂದು ಕಾಟ ಕೊಡುವುದಕ್ಕೆ ಕಾರಣ ಇದೇ. ಹೊಸಬರು ಇದನ್ನು ಮನಿ ಪ್ಲಾಂಟ್‌ನ ಹಾಗೆ ನೋಡಿಕೊಳ್ಳಲು ಹೋಗುತ್ತಾರೆ. ಅದು ಬಿಸಿ ನಾಡಿನ ಬಳ್ಳಿ, ಬೆಚ್ಚಗಿನ ಕೋಣೆಯ ಮೂಲೆಯನ್ನು ಸಹಿಸುತ್ತದೆ. ಇದು ಸಹಿಸುವುದಿಲ್ಲ.

ಎರಡನೆಯ ಪರೀಕ್ಷೆ ಬೇರಿನದು. ಮಣ್ಣು ಒದ್ದೆಯಿರುವಾಗಲೇ ಕಾಂಡಗಳ ಬುಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡವನ್ನು ಮಗುಚಿ ಅಂಚನ್ನು ತಟ್ಟಿ ಗಿಡವನ್ನು ಹೊರತೆಗೆಯಿರಿ. ಕೈಗವಸು ಹಾಕಿಕೊಳ್ಳಿ, ಕಾರಣ ಮುಂದೆ ತಿಳಿಯುತ್ತದೆ. ಆರೋಗ್ಯವಾದ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು, ಮೆತ್ತಗೆ. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮಣ್ಣಿನಿಂದ ಮುಗ್ಗು ವಾಸನೆ ಬರುತ್ತದೆ. ಪಿತಿಯಂ, ಫೈಟಾಫ್ತೊರಾ ಜಾತಿಯ ರೋಗಾಣುಗಳು ಇದಕ್ಕೆ ಕಾರಣ. ಅವು ನೀರು ನಿಂತ, ಗಾಳಿಯಾಡದ ಮಣ್ಣಿನಲ್ಲಿ ಹರಡುವಂಥವು.

ಇಲ್ಲಿಗೆ ನಿಮ್ಮ ದೊಡ್ಡ ಪಿಂಗಾಣಿ ಕುಂಡದ ಪ್ರಸ್ತಾಪ ಬರುತ್ತದೆ. ಕುಂಡ ದೊಡ್ಡದಾದಷ್ಟೂ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂಬುದು ಬಹಳ ಜನರ ನಂಬಿಕೆ. ಬೇರು ತುಂಬದ ಮಣ್ಣಿನಲ್ಲಿ ನೀರನ್ನು ಹೀರಿಕೊಳ್ಳುವವರೇ ಇರುವುದಿಲ್ಲ. ಮೇಲಿನ ಪದರ ಒಣಗಿದಂತೆ ಕಂಡರೂ ಕೆಳಗೆ ವಾರಗಟ್ಟಲೆ ಕೆಸರು. ಪಿಂಗಾಣಿಯ ಮೆರುಗು ಪಕ್ಕದಿಂದಲೂ ತೇವ ಆರಲು ಬಿಡುವುದಿಲ್ಲ. ತಳದಲ್ಲಿ ತೂತಿಲ್ಲದಿದ್ದರಂತೂ ಮುಗಿದೇ ಹೋಯಿತು. ತೂತಿಲ್ಲದ ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿದುಹೋಗುತ್ತದೆ ಎನ್ನುವುದೂ ತಪ್ಪು ತಿಳಿವಳಿಕೆ. ಜಲ್ಲಿಯ ಮೇಲಿನ ಮಣ್ಣು ತನ್ನ ಪಾಲಿನ ನೀರನ್ನು ಹಿಡಿದೇ ಇಟ್ಟುಕೊಳ್ಳುತ್ತದೆ, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ ಅಷ್ಟೆ.

ಸಿಂಪಡಿಸುವುದರ ಬಗ್ಗೆಯೂ ಹೇಳಬೇಕು, ಏಕೆಂದರೆ ನೀವು ಅದಕ್ಕೆ ಬಹಳ ಶ್ರಮಪಟ್ಟಿದ್ದೀರಿ. ಎಲೆಯ ಮೇಲೆ ಮಂಜಿನಂತೆ ನೀರು ಹಾಯಿಸಿದರೆ ಸುತ್ತಲಿನ ಗಾಳಿಯ ತೇವ ಕೆಲವು ನಿಮಿಷ ಏರಿ ಮತ್ತೆ ಮೊದಲಿನಂತಾಗುತ್ತದೆ. ನುಸಿಗೆ ಅದರಿಂದ ಯಾವ ತೊಂದರೆಯೂ ಇಲ್ಲ, ಅದು ಇರುವುದು ಎಲೆಯ ಅಡಿಯಲ್ಲಿ. ಇನ್ನೊಂದು ಕಡೆ, ಎಲೆಯ ಮೇಲೆ ಗಂಟೆಗಟ್ಟಲೆ ನೀರು ನಿಂತರೆ ಐವಿಗೆ ಎಲೆ ಚುಕ್ಕೆ ರೋಗ ತಗಲುತ್ತದೆ. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ ತರುವ ಚುಕ್ಕೆ ಮೊದಲಿಗೆ ಎಣ್ಣೆ ಹತ್ತಿದ ಹಾಗೆ ಕಾಣುತ್ತದೆ, ಆಮೇಲೆ ಕಂದಾಗುತ್ತದೆ, ಸುತ್ತ ಹಳದಿ ಬಳೆ ಮೂಡುತ್ತದೆ. ನೀವು ಅಂಥ ಚುಕ್ಕೆಗಳನ್ನು ಹೇಳಿಲ್ಲ, ಸದ್ಯ ಅದು ಇಲ್ಲವೆಂದು ಭಾವಿಸುತ್ತೇನೆ. ಸಿಂಪಡಣೆಯನ್ನು ಇಂದೇ ನಿಲ್ಲಿಸಿ. ಆ ಸಮಯವನ್ನು ವಾರಕ್ಕೊಮ್ಮೆ ಎಲೆ ತೊಳೆಯಲು ಬಳಸಿದರೆ ಹತ್ತು ಪಟ್ಟು ಲಾಭ.

ನುಸಿ ಇರುವುದು ಖಚಿತವಾದರೆ ತೊಳೆಯುವುದೇ ಮೊದಲ ಚಿಕಿತ್ಸೆ. ಉಳಿದ ಗಿಡಗಳಿಂದ ಐವಿಯನ್ನು ದೂರ ಇಟ್ಟು, ಅವುಗಳ ಎಲೆಗಳನ್ನೂ ತಿರುಗಿಸಿ ನೋಡಿ. ತುಂಬ ಕೆಟ್ಟಿರುವ ಹಂಬುಗಳನ್ನು ಕತ್ತರಿಸಿ ತೆಗೆಯಿರಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ, ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರೂ ಗೆಣ್ಣುಗಳಿಂದ ಚಿಗುರುತ್ತದೆ. ಬಳಿಕ ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿ, ಮಣ್ಣು ಬೀಳದಂತೆ ಮಾಡಿ. ಬಚ್ಚಲಲ್ಲಿ ಗಿಡವನ್ನು ತಲೆಕೆಳಗಾಗಿ ಹಿಡಿದು ಎಲೆಗಳ ಅಡಿಭಾಗಕ್ಕೆ ರಭಸದಿಂದ ನೀರು ಹಾಯಿಸಿ. ಮೇಲ್ಭಾಗ ಎಷ್ಟು ತೊಳೆದರೂ ವ್ಯರ್ಥ. ನುಸಿಯ ಬಲೆ, ಧೂಳು, ಸಾಕಷ್ಟು ಮೊಟ್ಟೆಗಳು ಇದರಲ್ಲೇ ಹೋಗುತ್ತವೆ.

ನೀರು ಇಳಿದ ಮೇಲೆ ಲೀಟರಿಗೆ ಒಂದು ಟೀ ಚಮಚ ಸೌಮ್ಯವಾದ ದ್ರವ ಸಾಬೂನು ಬೆರೆಸಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಖಾರ ಡಿಟರ್ಜೆಂಟ್ ಬೇಡ, ಎಲೆಯ ಮೇಣವನ್ನು ಕಿತ್ತು ಸುಡುತ್ತದೆ. ಸಾಬೂನು ನೀರು ನುಸಿಯ ಮೈಗೆ ನೇರ ತಗಲಿದರೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದರ ಕೆಲಸ ಮುಗಿಯಿತು. ಮೊಟ್ಟೆಗಳ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೆ. ಆದ್ದರಿಂದ ಐದಾರು ದಿನಗಳಿಗೊಮ್ಮೆ, ಕನಿಷ್ಠ ನಾಲ್ಕು ಬಾರಿ ಇದನ್ನು ಮಾಡಲೇಬೇಕು. ಎರಡು ಸಲ ಮಾಡಿ, ಗಿಡ ಚೇತರಿಸಿಕೊಂಡಿತೆಂದು ಬಿಟ್ಟವರ ಮನೆಯಲ್ಲಿ ಮೂರನೆಯ ವಾರ ನುಸಿ ಮರಳಿ ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಡುವೆ ಒಡೆದ ಮೊಟ್ಟೆಗಳು ಅಷ್ಟರಲ್ಲಿ ದೊಡ್ಡವಾಗಿ ಮತ್ತೆ ಮೊಟ್ಟೆ ಇಟ್ಟಿರುತ್ತವೆ.

ಬೇವಿನ ಎಣ್ಣೆಯೂ ಒಳ್ಳೆಯ ಆಯ್ಕೆ. ಲೀಟರ್ ನೀರಿಗೆ ಐದು ಮಿಲಿಲೀಟರ್ ಎಣ್ಣೆ, ಅದು ಬೆರೆಯಲು ಕೆಲವು ಹನಿ ಸಾಬೂನು. ಮೊದಲು ಎರಡು ಎಲೆಗಳಿಗೆ ಮಾತ್ರ ಹಾಕಿ ಒಂದು ದಿನ ಕಾಯಿರಿ, ಬಿಳಿ ಅಂಚಿನ ಎಲೆಗಳು ಸೂಕ್ಷ್ಮ. ಸಿಂಪಡಿಸಿದ ದಿನ ಬಿಸಿಲಿಗೆ ಇಡಬೇಡಿ. ನಿಮ್ಮ ಮನೆಯ ಮಟ್ಟಿಗೆ ಒಂದು ಎಚ್ಚರಿಕೆ ಮುಖ್ಯ: ಬೇವಿನ ಎಣ್ಣೆ ಗಿಡಮೂಲಿಕೆಯದ್ದಾದ ಮಾತ್ರಕ್ಕೆ ನಿರಪಾಯವಲ್ಲ, ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಗಂಭೀರ ವಿಷವಾಗುತ್ತದೆ. ಬಾಟಲಿಯನ್ನು ಬೀಗ ಹಾಕಿದ ಕಡೆ ಇಡಿ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೀಟನಾಶಕವನ್ನು ತಂದು ಹೊಡೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ನುಸಿಯನ್ನು ಕೊಲ್ಲುವುದಿಲ್ಲ, ಅವನ್ನು ಬಳಸಿದ ಮೇಲೆ ನುಸಿ ಹೆಚ್ಚಾದದ್ದು ಹಲವು ಬೆಳೆಗಳಲ್ಲಿ ದಾಖಲಾಗಿದೆ. ನುಸಿಗೆಂದೇ ಇರುವ ಔಷಧಗಳಿವೆ ನಿಜ, ಆದರೆ ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಎಳೆ ಮಗು ಮಲಗುವ ಮನೆಯೊಳಗೆ ಒಂದು ಬಳ್ಳಿಗಾಗಿ ಅವನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ.

ಬೇರು ಕೊಳೆತಿದ್ದರೆ ಕೆಲಸ ಬೇರೆ. ಮೆತ್ತಗಾದ ಬೇರುಗಳನ್ನೆಲ್ಲ ಕತ್ತರಿಸಿ, ಹಳೆಯ ಮಣ್ಣನ್ನು ಪೂರ್ತಿ ತೆಗೆದುಹಾಕಿ. ಉಳಿದ ಬೇರಿನ ಗುಂಪಿಗಿಂತ ಎರಡು ಮೂರು ಸೆಂಟಿಮೀಟರ್ ಮಾತ್ರ ಅಗಲವಾದ, ತಳದಲ್ಲಿ ತೂತುಗಳಿರುವ ಕುಂಡ ಹುಡುಕಿ. ಪಿಂಗಾಣಿ ಕುಂಡ ಇಷ್ಟವಾದರೆ ಈ ಚಿಕ್ಕ ಕುಂಡವನ್ನು ಅದರೊಳಗೆ ಕೂರಿಸಿ, ನೀರು ಹಾಕಿದ ಮೇಲೆ ಒಳಗೆ ನಿಂತದ್ದನ್ನು ಚೆಲ್ಲಿ. ಮಿಶ್ರಣ ಹಗುರವಾಗಿರಲಿ: ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಒಳ್ಳೆಯ ಕುಂಡದ ಮಣ್ಣು, ಒಂದು ಪಾಲು ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಅಥವಾ ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ. ಬೇರು ಎಷ್ಟು ಹೋಗಿದೆಯೋ ಅಷ್ಟೇ ಪ್ರಮಾಣದಲ್ಲಿ ಮೇಲಿನ ಹಂಬುಗಳನ್ನೂ ಕತ್ತರಿಸಿ, ಉಳಿದ ಬೇರು ಅಷ್ಟೊಂದು ಎಲೆಗಳನ್ನು ಸಾಕಲಾರದು. ಅರ್ಧಕ್ಕಿಂತ ಹೆಚ್ಚು ಬೇರು ಕೊಳೆತಿದ್ದರೆ ತಾಯಿಗಿಡದ ಆಸೆಯನ್ನು ಕಡಿಮೆ ಮಾಡಿಕೊಂಡು ತುಂಡುಗಳತ್ತ ಗಮನ ಕೊಡಿ.

ಮುಂದೆ ನೀರಿಗೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಮಣ್ಣಿಗೆ ಇಳಿಸಿ, ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿದಾಗ ಮಾತ್ರ ತಳದ ತೂತಿನಿಂದ ಹರಿಯುವವರೆಗೆ ಹಾಕಿ. ಕುಂಡವನ್ನು ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಒಣಗಿದ ಕುಂಡದ ಹಗುರ ಕೈಗೆ ಬೇಗ ಗುರುತಾಗುತ್ತದೆ. ಆದರೆ ಪೂರ್ತಿ ಒಣಗಿ ಮಣ್ಣು ಕುಂಡದ ಅಂಚಿನಿಂದ ಬಿಡುವವರೆಗೂ ಕಾಯಬೇಡಿ, ಐವಿ ಮರುಭೂಮಿಯ ಗಿಡವೂ ಅಲ್ಲ. ಗೊಬ್ಬರವನ್ನು ಈಗ ನಿಲ್ಲಿಸಿ. ಕಾಯಿಲೆಯ ಬೇರು ಅದನ್ನು ಹೀರಿಕೊಳ್ಳಲಾರದೆ ಲವಣ ಮಣ್ಣಿನಲ್ಲಿ ಕೂಡಿ ಎಲೆಯ ತುದಿ ಸುಡುತ್ತದೆ. ಹೊಸ ಚಿಗುರು ಬಂದ ಮೇಲೆ ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಹೇಳಿದ ಅರ್ಧ ಪ್ರಮಾಣದಲ್ಲಿ ಕೊಟ್ಟರೆ ಸಾಕು.

ಬಿಳಿ ಅಂಚಿನ ಪ್ರಶ್ನೆಗೆ ಬರೋಣ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಅದು ಗಿಡಕ್ಕೆ ಆಹಾರ ತಯಾರಿಸಿ ಕೊಡುವುದಿಲ್ಲ. ಮಬ್ಬು ಬೆಳಕಿನಲ್ಲಿ ಅಂಥ ಎಲೆಗಳು ದುಬಾರಿ, ಹಾಗಾಗಿ ಹೊಸ ಎಲೆಗಳಲ್ಲಿ ಹಸಿರು ಹೆಚ್ಚಾಗುತ್ತದೆ. ಬೆಳಕು ಹೆಚ್ಚಿಸಿದರೆ ಮುಂದಿನ ಎಲೆಗಳಲ್ಲಿ ಅಂಚು ಮರಳುತ್ತದೆ, ಈಗಾಗಲೇ ಹಸಿರಾದವು ಹಾಗೆಯೇ ಉಳಿಯುತ್ತವೆ. ಇನ್ನೊಂದು ಬಗೆಯೂ ಇದೆ. ಒಂದು ಹಂಬು ಮಾತ್ರ ಸಂಪೂರ್ಣ ಹಸಿರಾಗಿ, ಉಳಿದವಕ್ಕಿಂತ ಜೋರಾಗಿ ಬೆಳೆಯುತ್ತಿದ್ದರೆ ಅದು ಮೂಲ ರೂಪಕ್ಕೆ ಹಿಂದಿರುಗಿದ ಚಿಗುರು. ಎಷ್ಟು ಬೆಳಕು ಕೊಟ್ಟರೂ ಅದು ಬದಲಾಗುವುದಿಲ್ಲ. ಅದನ್ನು ಬಿಳಿ ಅಂಚಿನ ಕೊನೆಯ ಎಲೆಯವರೆಗೆ ಕತ್ತರಿಸಿ ತೆಗೆಯದಿದ್ದರೆ ಕಾಲಕ್ರಮೇಣ ಇಡೀ ಗಿಡವನ್ನು ಆವರಿಸುತ್ತದೆ. ಐವಿ ನೆರಳಿನ ಗಿಡ ಎಂಬ ಮಾತನ್ನು ಜನ ಕತ್ತಲೆಯ ಮೂಲೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಕಾಡಿನ ನೆರಳು ನಮ್ಮ ಕೋಣೆಯ ಕಪಾಟಿನ ಮೇಲ್ಭಾಗಕ್ಕಿಂತ ಎಷ್ಟೋ ಪಾಲು ಬೆಳಕಿನದು. ಪೂರ್ವದ ಕಿಟಕಿಯ ಹತ್ತಿರ, ಬೆಳಗಿನ ಎಳೆ ಬಿಸಿಲು ಬೀಳುವ ಕಡೆ ನಿಮ್ಮ ಬಳ್ಳಿಗೆ ಸರಿಯಾದ ಜಾಗ. ನಡುಹಗಲಿನ ಸುಡುಬಿಸಿಲು, ಹೀಟರಿನ ಅಥವಾ ಎ.ಸಿ.ಯ ಗಾಳಿ ನೇರವಾಗಿ ತಗಲುವ ಜಾಗ ಬೇಡ.

ಈ ಗಲಾಟೆಯ ನಡುವೆ ಇವತ್ತೇ ಮಾಡಿಟ್ಟುಕೊಳ್ಳಬೇಕಾದ ಕೆಲಸವೊಂದಿದೆ. ಬಳ್ಳಿಯಲ್ಲಿ ಚೆನ್ನಾಗಿರುವ ನಾಲ್ಕೈದು ತುದಿಗಳನ್ನು, ತಲಾ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿಕೊಳ್ಳಿ. ಗೆಣ್ಣುಗಳ ಬಳಿ ಸಣ್ಣ ಕೂದಲಿನಂಥ ಬೇರುಗಳು ಕಾಣಬಹುದು. ಗೋಡೆ ಏರುವಾಗ ಬಳ್ಳಿ ಹಿಡಿದುಕೊಳ್ಳುವುದು ಇವುಗಳಿಂದಲೇ, ಆಸರೆಯಿಂದ ಇವು ಆಹಾರವನ್ನೇನೂ ಹೀರುವುದಿಲ್ಲ. ಅಂಥ ಗೆಣ್ಣಿರುವ ತುಂಡು ಬೇಗ ಬೇರು ಬಿಡುತ್ತದೆ. ಕೆಳಗಿನ ಎಲೆಗಳನ್ನು ತೆಗೆದು, ತುಂಡನ್ನು ಸಾಬೂನು ನೀರಿನಲ್ಲಿ ಅದ್ದಿ ತೊಳೆದು, ಒದ್ದೆ ಕೊಕೊಪೀಟಿಗೆ ಊರಿ ಅಥವಾ ನೀರಿನ ಬಾಟಲಿಯಲ್ಲಿ ನಿಲ್ಲಿಸಿ. ಮೂರು ನಾಲ್ಕು ವಾರಗಳಲ್ಲಿ ಬೇರು ಕಾಣುತ್ತದೆ. ತಾಯಿಗಿಡ ಹೋದರೂ ತಳಿ ಉಳಿಯುತ್ತದೆ. ನುಸಿಯನ್ನು ಹೊತ್ತ ತುಂಡಿನಿಂದ ನುಸಿಯಿರುವ ಹೊಸ ಗಿಡವೇ ಬರುವುದರಿಂದ ತೊಳೆಯುವುದನ್ನು ಮಾತ್ರ ಮರೆಯಬೇಡಿ.

ಗಾಳಿ ಶುದ್ಧೀಕರಣದ ಮಾತು ಹುಟ್ಟಿದ್ದು 1989ರ ನಾಸಾ ಅಧ್ಯಯನದಿಂದ. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡವನ್ನಿಟ್ಟು ಬೆಂಜೀನ್‌ನಂಥ ಹಾನಿಕಾರಕ ಅನಿಲ ತುಂಬಿದಾಗ, 24 ಗಂಟೆಗಳಲ್ಲಿ ಅದರ ಪ್ರಮಾಣ ಇಳಿದದ್ದು ನಿಜ, ಐವಿ ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಅಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಗಾಳಿ ಬದಲಾಗುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕು. ಕಿಟಕಿ ತೆರೆದರೆ ಸಿಗುವ ಲಾಭ ಒಂದು ಬಳ್ಳಿಯಿಂದ ಸಿಗದು. ರಾತ್ರಿ ಗಿಡ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಮಲಗಿದವರಿಗೆ ತೊಂದರೆ ಎನ್ನುವವರೂ ಇದ್ದಾರೆ. ಅದರ ಪ್ರಮಾಣ ಅತ್ಯಲ್ಪ, ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದು ಅದಕ್ಕಿಂತ ಬಹಳ ಹೆಚ್ಚು. ಒಟ್ಟಿನಲ್ಲಿ ಐವಿಯನ್ನು ಮಲಗುವ ಕೋಣೆಯಲ್ಲೇ ಇಡಬೇಕೆಂಬ ಕಾರಣವೇ ಉಳಿಯುವುದಿಲ್ಲ.

ಈಗ ವಿಷದ ವಿಷಯ. ಐವಿಯ ಎಲೆಯಲ್ಲಿ ವಿಷಕಾರಿ ವಸ್ತುಗಳಾದ ಸ್ಯಾಪೊನಿನ್‌ಗಳಿವೆ. ಅಗಿದು ನುಂಗಿದರೆ ಬಾಯಿ ಗಂಟಲು ಉರಿಯುತ್ತದೆ, ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ರುಚಿ ಕಹಿಯಾದ್ದರಿಂದ ಮಗು ಹೆಚ್ಚು ತಿನ್ನುವ ಸಂಭವ ಕಡಿಮೆ, ಒಂದೆರಡು ಕಚ್ಚಿನಿಂದ ಪ್ರಾಣಾಪಾಯವಾಗುವುದು ತೀರ ವಿರಳ. ಹಾಗೇನಾದರೂ ಆದರೆ ಬಾಯಿಯಲ್ಲಿರುವ ಚೂರುಗಳನ್ನು ತೆಗೆದು ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿ, ವಾಂತಿ ಮಾಡಿಸಲು ಯತ್ನಿಸಬೇಡಿ, ಕೂಡಲೇ ವೈದ್ಯರನ್ನು ಸಂಪರ್ಕಿಸಿ. ಎಲೆಯ ತುಂಡೊಂದನ್ನು ಜತೆಗೆ ಒಯ್ದರೆ ಅವರಿಗೆ ಅನುಕೂಲ. ಐವಿಯ ಕಪ್ಪು ಹಣ್ಣೂ ವಿಷವೇ, ಆದರೆ ಬಳ್ಳಿ ಬಲಿತು ಸೀಳಿಲ್ಲದ ಎಲೆ ಬಿಡುವ ಹಂತಕ್ಕೆ ಬಂದ ಮೇಲೆ ಮಾತ್ರ ಹೂವು ಹಣ್ಣು. ಕುಂಡದ ಐವಿ ಸಾಮಾನ್ಯವಾಗಿ ಸೀಳೆಲೆಯ ಎಳೆ ಹಂತದಲ್ಲೇ ಉಳಿಯುವುದರಿಂದ ಮನೆಯೊಳಗೆ ಹಣ್ಣಿನ ಭಯವಿಲ್ಲ.

ಸೊನೆಯಲ್ಲಿ ಫಾಲ್ಕಾರಿನಾಲ್ ಎಂಬ ಇನ್ನೊಂದು ವಸ್ತುವಿದೆ, ಅದು ಕೆಲವರ ಚರ್ಮಕ್ಕೆ ಅಲರ್ಜಿ. ಬಳ್ಳಿ ಕತ್ತರಿಸಿ ಒಂದೆರಡು ದಿನಗಳ ಬಳಿಕ ಕೈ ಕೆಂಪಾಗಿ ತುರಿಸಿ ಗುಳ್ಳೆಯೇಳುತ್ತದೆ. ಇಷ್ಟು ತಡವಾಗಿ ಬರುವುದರಿಂದ ಕಾರಣ ಗಿಡವೆಂದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಕೈಗವಸು ಹಾಕಿಕೊಳ್ಳಿ ಎಂದದ್ದು ಇದಕ್ಕೇ. ಬೆಕ್ಕಿನ ವಿಚಾರದಲ್ಲಿ ನನಗೆ ಮಗುವಿನದ್ದಕ್ಕಿಂತ ಹೆಚ್ಚು ಆತಂಕ. ಮಗುವಿಗೆ ಎಟುಕದ ಎತ್ತರ ಬೆಕ್ಕಿಗೆ ಎಟುಕುತ್ತದೆ, ಜೋತಾಡುವ ಹಂಬು ಅದಕ್ಕೆ ಆಟದ ವಸ್ತು. ಎಲೆ ಅಗಿದ ಬೆಕ್ಕು ಜೊಲ್ಲು ಸುರಿಸುತ್ತದೆ, ವಾಂತಿ ಭೇದಿ ಮಾಡುತ್ತದೆ. ಅಂಥ ಲಕ್ಷಣ ಕಂಡರೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಾಗಾದರೆ ಇಟ್ಟುಕೊಳ್ಳಬೇಕೇ? ಬೆಕ್ಕು ಬಾರದ, ಬಾಗಿಲು ಹಾಕುವಂಥ ತಂಪಾದ ಕೋಣೆ ನಿಮಗಿದ್ದರೆ, ಅಥವಾ ಬಿಸಿಲು ಜೋರಾಗಿ ಬೀಳದ ಬಾಲ್ಕನಿಯಲ್ಲಿ ಹಂಬುಗಳನ್ನು ಗಿಡ್ಡಗೆ ಕತ್ತರಿಸಿ ತೂಗುಹಾಕಲು ಸಾಧ್ಯವಿದ್ದರೆ, ಇಟ್ಟುಕೊಳ್ಳಿ. ಬಾಲ್ಕನಿಯ ಗಾಳಿ ನುಸಿಯ ಕಾಟವನ್ನೂ ತಗ್ಗಿಸುತ್ತದೆ. ಅಂಥ ಜಾಗ ಇಲ್ಲದಿದ್ದರೆ, ಮಗಳು ದೊಡ್ಡವಳಾಗುವವರೆಗೆ ಬೇರು ಬಿಟ್ಟ ಒಂದೆರಡು ತುಂಡುಗಳನ್ನು ಚಿಕ್ಕ ಮಕ್ಕಳೂ ಸಾಕುಪ್ರಾಣಿಗಳೂ ಇಲ್ಲದ ಸ್ನೇಹಿತರ ಮನೆಯಲ್ಲಿ ಬೆಳೆಸಲು ಕೊಡಿ ಎಂಬುದು ನನ್ನ ಸಲಹೆ. ಆ ಜಾಗಕ್ಕೆ ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಅಥವಾ ಹೋಯಾ ತನ್ನಿ, ಇವು ಬೆಕ್ಕಿಗೆ ವಿಷವಲ್ಲ. ಮನಿ ಪ್ಲಾಂಟ್ ತರಬೇಡಿ, ಅದರ ಎಲೆಯಲ್ಲೂ ಬಾಯಿ ಸುಡುವ ಹರಳುಗಳಿವೆ.

ಉಳಿಸಿಕೊಳ್ಳಲು ನಿರ್ಧರಿಸಿದರೆ ಗಿಡಕ್ಕೆ ಆರು ವಾರ ಸಮಯ ಕೊಡಿ. ಒಣಗಿದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ನಿರಾಶರಾಗಬೇಡಿ. ಗೆಣ್ಣುಗಳಲ್ಲಿ ಹೊಸ ಕುಡಿ ಬಂದು ಅದರ ಎಲೆ ಚುಕ್ಕೆಯಿಲ್ಲದೆ ಬಿಚ್ಚಿಕೊಂಡರೆ ಚಿಕಿತ್ಸೆ ಫಲಿಸಿದೆ. ಅಷ್ಟು ದಿನ ಕಳೆದರೂ ಕುಡಿ ಕಾಣದೆ, ಕಾಂಡ ಕೆರೆದಾಗ ಒಳಗೂ ಕಂದಿದ್ದರೆ ಎಸೆಯಬಹುದು. ಎಸೆಯುವಾಗ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ, ನುಸಿಯಿದ್ದ ಗಿಡ ಗೊಬ್ಬರದ ಗುಂಡಿಗೆ ಬೇಡ. ಜೀವವಿರುವ ಹಂಬನ್ನು ಖಾಲಿ ಜಾಗಕ್ಕೋ ಮರಗಳ ಬುಡಕ್ಕೋ ಎಸೆಯುವುದಂತೂ ಖಂಡಿತ ಬೇಡ. ತಂಪು ಹವೆಯ ನಾಡುಗಳಲ್ಲಿ ಈ ಬಳ್ಳಿ ಹೀಗೆಯೇ ತೋಟಗಳಿಂದ ತಪ್ಪಿಸಿಕೊಂಡು ಕಾಡಿನ ನೆಲವನ್ನೆಲ್ಲ ಮುಚ್ಚಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಇದರ ಮಾರಾಟವನ್ನೇ ನಿಷೇಧಿಸಲಾಗಿದೆ.